ಎಳೆಯರಿಗೆ ತಾಳ ಮತ್ತು ವಾದ್ಯಗಳ ಪಾಠ

ಸಂಗೀತಕ್ಕೆ ಶ್ರುತಿಯೇ ತಾಯಿ, ಲಯವೇ ತಂದೆ ಎಂಬ ಮಾತು ನಮ್ಮಲ್ಲಿ ಬಹು ಹಳೆಯದು. ಆದರೆ ಶಾಲೆಯ ಪಾಠದಲ್ಲಿ ತಾಯಿಗೆ ಸಲ್ಲುವ ಆದರ ತಂದೆಗೆ ಸಲ್ಲುತ್ತಿಲ್ಲ. ಪ್ರಾರ್ಥನೆ, ನಾಡಗೀತೆ, ವಾರ್ಷಿಕೋತ್ಸವಕ್ಕೊಂದು ಸ್ವಾಗತಗೀತೆ, ಇಷ್ಟಾದರೆ ಸಂಗೀತ ಮುಗಿಯಿತು. ತಾಳವನ್ನು ಹಾರ್ಮೋನಿಯಮ್ಮಿನ ಪಕ್ಕದಲ್ಲಿ ಕುಳಿತವರಾರೋ ನೋಡಿಕೊಳ್ಳುತ್ತಾರೆ. ಮಕ್ಕಳು ಕೈಕಟ್ಟಿ ನಿಂತು ಹಾಡುತ್ತಾರೆ. ನಮ್ಮ ಸಹಪಾಠಿಗಳಲ್ಲಿ ಹಲವರು ಮುಂದೆ ಉಪಾಧ್ಯಾಯ ವೃತ್ತಿಗೆ ಹೋಗತಕ್ಕವರು. ಸಂಗೀತದ ಮೇಷ್ಟರಿಲ್ಲದ ಹಳ್ಳಿಯ ಶಾಲೆಯೇ ಅವರಿಗೆ ಸಿಕ್ಕೀತು. ಅಂಥವರೂ ಕೈಗೊಳ್ಳಬಹುದಾದ ಪಾಠವಿದು.

ಲಯಜ್ಞಾನವೆಂಬುದು ಕೆಲವರಿಗೆ ಮಾತ್ರ ದೈವದತ್ತವೆಂದು ತಿಳಿಯುವುದು ಸರಿಯಲ್ಲ. ಹುಟ್ಟಿ ಎರಡು ಮೂರು ದಿನವಾದ ಶಿಶುಗಳಿಗೆ ಮದ್ದಳೆಯಂಥ ನಾದದ ಒಂದು ಆವರ್ತವನ್ನು ಕೇಳಿಸಿ, ನಡುವೆ ಮೊದಲ ಪೆಟ್ಟನ್ನು ಬಿಟ್ಟರೆ ಅವುಗಳ ಮಿದುಳು ಆ ಕೊರತೆಯನ್ನು ಗುರುತಿಸುತ್ತದೆಂದು 2009ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿತು. ಅದೇ ವರ್ಷ ಪ್ರಕಟವಾದ ಇನ್ನೊಂದು ಪ್ರಯೋಗ ಮೇಷ್ಟರಿಗೆ ಹೆಚ್ಚು ಉಪಯುಕ್ತವಾದುದು. ಎರಡೂವರೆಯಿಂದ ನಾಲ್ಕೂವರೆ ವರ್ಷದ ಮಕ್ಕಳು ಯಂತ್ರದ ಪೆಟ್ಟಿಗಿಂತ ಎದುರು ಕುಳಿತ ಮನುಷ್ಯನ ಪೆಟ್ಟಿಗೆ ಚೆನ್ನಾಗಿ ಹೊಂದಿಕೊಂಡು ಬಾರಿಸಿದರಂತೆ. ಮೊಬೈಲಿನಲ್ಲಿ ತಾಳವನ್ನು ಹಾಕಿ ತಾನು ಹಾಜರಿ ಪುಸ್ತಕ ಬರೆಯುವ ಮೇಷ್ಟರಿಗೆ ಇದು ಅಷ್ಟೇನೂ ಪ್ರಿಯವಾದ ಸುದ್ದಿಯಲ್ಲ!

ಚೌಕಕಾಲವೇ ಸುಲಭ, ಮೊದಲು ನಿಧಾನವಾಗಿ ಕಲಿಸಬೇಕು ಎಂಬ ಭಾವನೆಯೂ ಸಾಮಾನ್ಯ. ಎಳೆಯರ ವಿಷಯದಲ್ಲಿ ಇದು ತಿರುಗುಮುರುಗು. ಮಗುವನ್ನು ಅದರ ಪಾಡಿಗೆ ತಟ್ಟಲು ಬಿಟ್ಟರೆ ದೊಡ್ಡವರಿಗಿಂತ ಬೇಗ ಬೇಗ ತಟ್ಟುತ್ತದೆ. ಎರಡು ಪೆಟ್ಟುಗಳ ನಡುವೆ ಕಾಯುವುದೇ ಅದಕ್ಕೆ ಕಷ್ಟ. ಆದ್ದರಿಂದ ಮಗುವಿನ ನಡಿಗೆಯ ವೇಗದಿಂದ ತೊಡಗಿ, ಆಮೇಲೆ ಕಾಲವನ್ನು ತಗ್ಗಿಸುವುದು ಮೇಲು.

ಇನ್ನು ಪಾಠದ ಕ್ರಮ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ಏಳು ತಾಳಗಳನ್ನು ಐದು ಜಾತಿಗಳಿಂದ ಗುಣಿಸಿ ಮೂವತ್ತೈದು ಮಾಡಿ ಉರುಹೊಡೆಸುವುದು ಮಗ್ಗಿಯ ಪಾಠವಾದೀತು, ತಾಳದ ಪಾಠವಾಗದು. ಮೊದಲು ಕಾಲು, ಆಮೇಲೆ ಕೈ, ಆಮೇಲೆ ಬಾಯಿ, ಆಮೇಲೆ ವಾದ್ಯ, ಹೆಸರುಗಳು ಕಟ್ಟಕಡೆಗೆ. ಬಾಯಿಪಾಠಕ್ಕೆ ನಮ್ಮವರ ಸೊಲ್ಲುಗಳಿವೆ: ತಕಿಟ ಎಂದರೆ ಮೂರು, ತಕಧಿಮಿ ನಾಲ್ಕು, ತಕತಕಿಟ ಐದು. ಇವುಗಳ ಜೊತೆಗೆ ಮಕ್ಕಳಿಗೆ ಬಲ್ಲ ಊರುಗಳ ಹೆಸರನ್ನೇ ತೆಗೆದುಕೊಂಡರೆ ಛಂದಸ್ಸೂ ತಾಳವೂ ಒಟ್ಟಿಗೆ ಬಂದುಬಿಡುತ್ತವೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನ್ಯಾಮತಿ ನಾಲ್ಕು ಮಾತ್ರೆ, ಚತುರಶ್ರ. ಹೊನ್ನಾಳಿ ಐದು, ಖಂಡ. ಚನ್ನಗಿರಿ, ಜಗಳೂರು ಸಹ ಐದೇ. ಸಾಸ್ವೆಹಳ್ಳಿ ಎಂದರೆ ಮೂರು ಮತ್ತು ಮೂರು, ಎರಡು ತಿಶ್ರ. ಅದಕ್ಕೊಂದು ‘ಯ’ಕಾರ ಸೇರಿಸಿ ‘ಸಾಸ್ವೆಹಳ್ಳಿಯ’ ಎಂದು ನೋಡಿ: ಮೂರು ಮತ್ತು ನಾಲ್ಕು, ಏಳು ಮಾತ್ರೆಯ ಮಿಶ್ರಗತಿ! ಕುಮಾರವ್ಯಾಸನ ಭಾಮಿನಿ ಷಟ್ಪದಿಯ ನಡೆಯೂ ಇದೇ. ‘ಹೊನ್ನಾಳಿ, ಹೊನ್ನಾಳಿ’ ಎಂದು ನಾಲ್ಕು ಸಲ ತಟ್ಟಿದರೆ ಲಕ್ಷ್ಮೀಶನ ವಾರ್ಧಕದ ಒಂದು ಸಾಲಿನ ಅಳತೆ ಸಿಕ್ಕಿತು. ಪ್ರೌಢಶಾಲೆಯಲ್ಲಿ ಪ್ರಸ್ತಾರ ಹಾಕಲು ತಿಣುಕುವ ನಮ್ಮ ಹುಡುಗರು ಐದನೆಯ ವಯಸ್ಸಿನಲ್ಲಿ ಹೀಗೆ ತಟ್ಟಿದ್ದರೆ ಷಟ್ಪದಿ ಅವರಿಗೆ ಗಣಿತದಂತೆ ತೋರುತ್ತಿರಲಿಲ್ಲ.

ವಾದ್ಯಗಳಿಗೆ ಹಣವೆಲ್ಲಿ ಎಂಬ ಪ್ರಶ್ನೆ ಸಹಜ. ಜರ್ಮನಿಯ ಕಾರ್ಲ್ ಓರ್ಫ್ ಎಂಬ ಸಂಗೀತಗಾರನು 1950ರಿಂದ 1954ರವರೆಗೆ ಮಕ್ಕಳ ಸಂಗೀತದ ಮೇಲೆ ಐದು ಸಂಪುಟಗಳನ್ನು ಹೊರತಂದನು. ಮರದ ಪಟ್ಟಿಗಳ ಸ್ವರವಾದ್ಯಗಳನ್ನು ಮಕ್ಕಳಿಗೆ ತಕ್ಕ ಅಳತೆಯಲ್ಲಿ ಮಾಡಿಸಿದನು. ಅವು ನಮ್ಮ ಶಾಲೆಗಳಿಗೆ ದುಬಾರಿ. ತೆಂಗಿನ ಕರಟ, ಹುಣಸೆಬೀಜ ತುಂಬಿದ ಡಬ್ಬಿ, ಕೋಲಾಟದ ಕೋಲು, ಭಜನೆಯ ತಾಳ ಇಷ್ಟರಿಂದಲೇ ಕೆಲಸ ನಡೆಯುತ್ತದೆ. ನಲವತ್ತು ಮಕ್ಕಳಿಗೆ ಒಂದೇ ಚರ್ಮವಾದ್ಯವಿದ್ದರೆ ಎಲ್ಲರೂ ವೃತ್ತವಾಗಿ ಕುಳಿತು ತೊಡೆಯ ಮೇಲೆ ತಾಳ ಹಾಕಲಿ. ವಾದ್ಯವು ಎಂಟೆಂಟು ಪೆಟ್ಟಿಗೊಮ್ಮೆ ಕೈಯಿಂದ ಕೈಗೆ ಹೋಗಲಿ, ತಾಳ ನಿಲ್ಲದಿರಲಿ. ಗಟ್ಟಿ ಗಂಟಲಿನ ಹುಡುಗ ಅದನ್ನು ಹಿಡಿದಿಟ್ಟುಕೊಳ್ಳಲೂ, ಮೂಲೆಯ ಹುಡುಗಿ ತಪ್ಪಿಸಿಕೊಳ್ಳಲೂ ಇದರಲ್ಲಿ ಅವಕಾಶವಿಲ್ಲ. ಕಣ್ಣಿಲ್ಲದ ಮಗುವಿಗೂ ಇದು ತಡೆಯಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ತರುವಾಯ 2010ರವರೆಗೆ ಪುಟ್ಟರಾಜ ಗವಾಯಿಗಳು ಎಷ್ಟೋ ಅಂಧ ಬಾಲಕರನ್ನು ಸಂಗೀತಗಾರರನ್ನಾಗಿ ಮಾಡಿದರು. ಗುರುಗಳಿಬ್ಬರೂ ಅಂಧರೇ.

ನಮ್ಮ ಸೀಮೆಯಲ್ಲಿ ಮಗು ಶಾಲೆಗೆ ಬರುವ ಮೊದಲೇ ಡೊಳ್ಳನ್ನು ಕೇಳಿರುತ್ತದೆ, ಹಲಗೆಯನ್ನೂ ಕೇಳಿರುತ್ತದೆ. ಡೊಳ್ಳಿಗೆ ಈಗ ವೇದಿಕೆಯಲ್ಲಿ ಮರ್ಯಾದೆ ಬಂದಿದೆ. ಹಲಗೆ ಮಾತ್ರ ಮೆರವಣಿಗೆಯ ಮುಂದೆ, ಶವದ ಮುಂದೆ. ಶಾಲೆಯ ಬಾಗಿಲೊಳಗೆ ಅದು ಬರುವುದು ಅಪರೂಪ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೆಯ ವಿಧಿಯು 1950ರಲ್ಲೇ ರದ್ದುಮಾಡಿತು; ವಾದ್ಯಗಳ ನಡುವೆ ಅದು ಇನ್ನೂ ಉಳಿದಿದೆಯೆಂದೇ ಹೇಳಬೇಕಾಗಿದೆ. ತಬಲವನ್ನು ಸಂಗೀತವೆಂದೂ ಹಲಗೆಯನ್ನು ಸದ್ದೆಂದೂ ಬೇರ್ಪಡಿಸಿದ ದಿನ, ಹಲಗೆ ಬಾರಿಸುವ ಮನೆಯಿಂದ ಬಂದ ಮಗು ತರಗತಿಯಲ್ಲಿ ಎಲ್ಲರಿಗಿಂತ ಮೊದಲೇ ಬಲ್ಲ ಪಾಠವನ್ನು ಬಚ್ಚಿಟ್ಟುಕೊಳ್ಳುತ್ತದೆ. ಲಯದಲ್ಲಿ ಆ ಮಗುವೇ ಉಳಿದವರ ಮೇಷ್ಟರಾಗಬಹುದಾಗಿತ್ತು.

ಊರಿನ ಹಲಗೆಯ ಕಲಾವಿದರನ್ನು ಒಂದು ಮಧ್ಯಾಹ್ನ ಶಾಲೆಗೆ ಕರೆಸಿ, ಮೇಷ್ಟರ ಕುರ್ಚಿಯ ಪಕ್ಕದಲ್ಲೇ ಕುರ್ಚಿ ಹಾಕಿಸಬೇಕು. ಒಂದು ಕೈಯ ದಪ್ಪ ಕೋಲಿಗೂ ಇನ್ನೊಂದು ಕೈಯ ತೆಳು ಕಡ್ಡಿಗೂ ನಾದದಲ್ಲಿರುವ ಭೇದವನ್ನು ಮಕ್ಕಳೇ ಹೇಳಲಿ. ತಂಪು ಹವೆಯಲ್ಲಿ ಚರ್ಮ ಸಡಿಲವಾಗಿ ನಾದ ಇಳಿಯುವುದನ್ನೂ, ಕಾಸಿದೊಡನೆ ಬಿಗಿದು ಏರುವುದನ್ನೂ ಕಿವಿಯಾರೆ ಕೇಳಲಿ. ವಿಜ್ಞಾನದ ಮೇಷ್ಟರಿಗೂ ಅಲ್ಲೊಂದು ಪಾಠವಿದೆ. ಬಳಿಕ ಹಲಗೆಯೂ ವೃತ್ತದಲ್ಲಿ ಎಲ್ಲರ ಕೈಗೂ ಬರಲಿ. ಕಾಸುವುದಕ್ಕೆ ಅಂಗಳದಲ್ಲಿ ಒಂದಿಷ್ಟು ಒಣಹುಲ್ಲು ಸಾಕು. ಮಕ್ಕಳನ್ನು ಮಾತ್ರ ಬೆಂಕಿಯಿಂದ ಎರಡು ಮಾರು ದೂರ ಕೂರಿಸಬೇಕು.