ಮೂರು ನಿಮಿಷದ ಕೆಲಸ

ಊರ ಮೇಲೆ ವಿಮಾನ ಹೋಗುತ್ತದೆ. ಹೊಲದಲ್ಲಿ ಕಳೆ ಕೀಳುತ್ತಿರುವ ನಾವು ತಲೆ ಎತ್ತಿ ನೋಡುತ್ತೇವೆ. ಮಕ್ಕಳು ಕೈ ಬೀಸುತ್ತಾರೆ. ವಿಮಾನ ಮರೆಯಾಗುತ್ತದೆ. ನಾವು ಮತ್ತೆ ಕೆಲಸಕ್ಕೆ ಬಗ್ಗುತ್ತೇವೆ.

ಹಾರಿದ ವಿಮಾನ ಎಲ್ಲಾದರೂ ಇಳಿಯಲೇಬೇಕು. ಅದು ಇಳಿಯುವ ಜಾಗವೇ ವಿಮಾನ ನಿಲ್ದಾಣ. ನಮ್ಮ ರಾಜ್ಯದಲ್ಲಿ ಬೆಂಗಳೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಶಿವಮೊಗ್ಗ ಮುಂತಾದ ಕಡೆ ವಿಮಾನ ನಿಲ್ದಾಣಗಳಿವೆ. ಅಲ್ಲಿ ಬೆಂಕಿ ಆರಿಸುವ ಒಂದು ಪಡೆ ಇರುತ್ತದೆ. ಜನರನ್ನು ಕರೆದೊಯ್ಯುವ ವಿಮಾನಗಳು ಬಂದು ಹೋಗಬೇಕಾದರೆ ಈ ಪಡೆ ಇರಲೇಬೇಕು. ಇದು ನಿಯಮ.

“ಅದೆಲ್ಲ ಗಂಡಸರ ಕೆಲಸ ಅಲ್ವೇನಕ್ಕಾ?” ಎಂದು ನೀವು ಕೇಳಬಹುದು. ನಾವೂ ಹಾಗೇ ಅಂದುಕೊಂಡಿದ್ದೆವು. ಈ ಪಾಠ ಓದಿ. ಆಮೇಲೆ ನೀವೇ ಹೇಳಿ.

ಮೂರು ನಿಮಿಷ ಯಾಕೆ?

ಸೀಮೆಎಣ್ಣೆ ಸ್ಟೌವನ್ನು ನಾವೆಲ್ಲ ನೋಡಿದ್ದೇವೆ. ದೊಡ್ಡ ವಿಮಾನಕ್ಕೆ ಹಾಕುವ ಇಂಧನವೂ ಒಂದು ಬಗೆಯ ಸೀಮೆಎಣ್ಣೆಯೇ. ವಿಮಾನದ ರೆಕ್ಕೆಯೊಳಗೆ ಅದು ಸಾವಿರಾರು ಲೀಟರ್ ತುಂಬಿರುತ್ತದೆ.

ಅಪಘಾತ ಆದಾಗ ಈ ಎಣ್ಣೆ ಚೆಲ್ಲಬಹುದು. ಚೆಲ್ಲಿದ ಎಣ್ಣೆಗೆ ಬೆಂಕಿ ಹತ್ತಿದರೆ ಬಹಳ ಹೊತ್ತು ಸಿಗುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಬೆಂಕಿ ವಿಮಾನದ ಮೈಯನ್ನು ಸುಟ್ಟು ಒಳಗೆ ನುಗ್ಗುತ್ತದೆ. ಹೊಗೆ ತುಂಬುತ್ತದೆ. ಒಳಗಿರುವ ಜನಕ್ಕೆ ಉಸಿರು ಕಟ್ಟುತ್ತದೆ.

ಅದಕ್ಕೇ ಪ್ರಪಂಚದ ಎಲ್ಲ ದೇಶಗಳಿಗೂ ಒಂದು ಗುರಿ ಇಟ್ಟಿದ್ದಾರೆ. ಕರೆ ಬಂದ ಮೂರು ನಿಮಿಷದೊಳಗೆ ಮೊದಲ ಬೆಂಕಿ ಗಾಡಿ ರನ್‌ವೇಯ ಯಾವ ತುದಿಗಾದರೂ ಹೋಗಿ ತಲುಪಬೇಕು. ಬೆಂಕಿ ಆರಿಸಲು ಶುರು ಮಾಡಬೇಕು. ರನ್‌ವೇ ಎಂದರೆ ವಿಮಾನ ಓಡಿ ಮೇಲೇರುವ ದಾರಿ. ಅದು ಎರಡು ಮೂರು ಕಿಲೋಮೀಟರ್ ಉದ್ದ ಇರುತ್ತದೆ.

ಮೂರು ನಿಮಿಷ ಎಂದರೆ ಎಷ್ಟು ಹೊತ್ತು? ಒಲೆಯ ಮೇಲೆ ಒಂದು ಲೋಟ ಹಾಲು ಕಾಯಿಸುವಷ್ಟು ಹೊತ್ತು. ಅಷ್ಟೇ.

ಈ ಗಾಡಿಗಳು ಲಾರಿಗಿಂತ ದೊಡ್ಡವು. ಆದರೂ ನಿಂತ ಗಾಡಿ 40 ಸೆಕೆಂಡಿನೊಳಗೆ ಗಂಟೆಗೆ 80 ಕಿಲೋಮೀಟರ್ ವೇಗಕ್ಕೆ ಬರಬೇಕು. ಗಾಡಿಯ ತಲೆಯ ಮೇಲೆ ತೋಪಿನ ಹಾಗೆ ಒಂದು ಕೊಳವೆ ಇರುತ್ತದೆ. ಗಾಡಿ ಓಡುತ್ತಿರುವಾಗಲೇ ಅದರಿಂದ ನೊರೆ ಹಾಯಿಸಬಹುದು. ಅತಿ ದೊಡ್ಡ ವಿಮಾನಗಳು ಇಳಿಯುವ ಕಡೆ ಇಂಥ ಗಾಡಿಗಳು ಕಡಿಮೆ ಎಂದರೂ ಮೂರು ಇರಬೇಕು.

ಬರೀ ನೀರಲ್ಲ, ನೊರೆ

ಬೆಂಕಿ ಉರಿಯಲು ಮೂರು ಬೇಕು. ಉರಿಯುವ ವಸ್ತು ಬೇಕು. ಗಾಳಿ ಬೇಕು. ಬಿಸಿ ಬೇಕು. ಈ ಮೂರರಲ್ಲಿ ಒಂದನ್ನು ತೆಗೆದರೆ ಸಾಕು, ಬೆಂಕಿ ಆರುತ್ತದೆ.

ಕಟ್ಟಿಗೆಯ ಬೆಂಕಿಗೆ ನಾವು ನೀರು ಸುರಿಯುತ್ತೇವೆ. ಕಟ್ಟಿಗೆ ತಣ್ಣಗಾಗಿ ಬೆಂಕಿ ಆರುತ್ತದೆ. ಎಣ್ಣೆಯ ಮಾತು ಬೇರೆ. ಎಣ್ಣೆ ನೀರಿನ ಮೇಲೆ ತೇಲುತ್ತದೆ. ನೀರು ಹರಿದ ಕಡೆಗೆಲ್ಲ ಉರಿಯುವ ಎಣ್ಣೆಯೂ ಹರಿಯುತ್ತದೆ. ಬೆಂಕಿ ಆರುವ ಬದಲು ಹರಡುತ್ತದೆ.

ಅದಕ್ಕೇ ನೀರಿಗೆ ಒಂದು ದ್ರಾವಣ ಬೆರೆಸಿ ನೊರೆ ಮಾಡುತ್ತಾರೆ. ಬಟ್ಟೆ ಒಗೆಯುವಾಗ ಸಾಬೂನಿನ ನೊರೆ ನೀರಿನ ಮೇಲೆ ನಿಲ್ಲುತ್ತದಲ್ಲ, ಹಾಗೆ ಈ ನೊರೆ ಎಣ್ಣೆಯ ಮೇಲೆ ನಿಲ್ಲುತ್ತದೆ. ಕಂಬಳಿ ಹೊದಿಸಿದಂತೆ ಬೆಂಕಿಯನ್ನು ಮುಚ್ಚುತ್ತದೆ. ಗಾಳಿ ತಪ್ಪುತ್ತದೆ. ಬಿಸಿ ಇಳಿಯುತ್ತದೆ. ಬೆಂಕಿ ಆರುತ್ತದೆ.

ತರಬೇತಿ ಹೇಗಿರುತ್ತದೆ?

ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಎಂಬ ಸರ್ಕಾರಿ ಸಂಸ್ಥೆ ಇದೆ. ದೆಹಲಿ ಮತ್ತು ಕೋಲ್ಕತ್ತದಲ್ಲಿ ಅದರ ಅಗ್ನಿಶಾಮಕ ತರಬೇತಿ ಕೇಂದ್ರಗಳಿವೆ. ಕೆಲಸಕ್ಕೆ ಆಯ್ಕೆ ಆದವರು ತಿಂಗಳುಗಟ್ಟಲೆ ತರಬೇತಿ ಪಡೆಯಬೇಕು.

ಓಡಬೇಕು. ಹಗ್ಗ ಹಿಡಿದು ಹತ್ತಬೇಕು. ಏಣಿ ಏರಬೇಕು. ಗಂಟು ಹಾಕುವುದನ್ನು ಕಲಿಯಬೇಕು. ನೀರು ತುಂಬಿದ ಪೈಪು ಹಾವಿನಂತೆ ಹೊರಳುತ್ತದೆ. ಅದನ್ನು ಬಿಗಿಯಾಗಿ ಹಿಡಿದು ನಿಲ್ಲಬೇಕು. ಬಿದ್ದ ಮನುಷ್ಯರನ್ನು ಹೆಗಲ ಮೇಲೆ ಹೊತ್ತು ತರಬೇಕು.

ಬೆಂಕಿಯ ಬಟ್ಟೆ, ಹೆಲ್ಮೆಟ್, ಬೂಟು, ಬೆನ್ನಿಗೆ ಗಾಳಿಯ ಸಿಲಿಂಡರ್ ಎಲ್ಲ ಸೇರಿ ಸುಮಾರು 20 ಕಿಲೋ ಭಾರ. ಅದನ್ನು ಹೊತ್ತೇ ಓಡಬೇಕು. ತುಂಬಿದ ಕೊಡ ಹೊತ್ತು ದಿಬ್ಬ ಹತ್ತುವ ನಮಗೆ ಭಾರ ಹೊಸದೇನಲ್ಲ.

ಹೊಗೆ ತುಂಬಿದ ಕತ್ತಲ ಕೋಣೆಯಲ್ಲಿ ಅಭ್ಯಾಸ ಮಾಡಿಸುತ್ತಾರೆ. ಒಳಗೆ ಏನೂ ಕಾಣುವುದಿಲ್ಲ. ಒಬ್ಬರೇ ಹೋಗುವಂತಿಲ್ಲ, ಜೊತೆಗಾರರು ಇರಲೇಬೇಕು. ಕೈಯಿಂದ ತಡವುತ್ತಾ ಮುಂದೆ ಹೋಗಬೇಕು. ತಡವುವಾಗ ಅಂಗೈ ಮುಂದೆ ಚಾಚಬಾರದು, ಕೈಯ ಹಿಂಬದಿ ಚಾಚಬೇಕು. ಯಾಕೆ ಗೊತ್ತೇ? ಕರೆಂಟು ಇರುವ ತಂತಿ ಅಂಗೈಗೆ ತಾಗಿದರೆ ಬೆರಳು ಮಡಚಿ ತಂತಿಯನ್ನೇ ಹಿಡಿದುಬಿಡುತ್ತವೆ. ಹಿಂಬದಿಗೆ ತಾಗಿದರೆ ಕೈ ತಂತಿಯಿಂದ ದೂರ ಸರಿಯುತ್ತದೆ.

ಬಿಸಿಯಾದ ಚಕ್ರದ ಹತ್ತಿರ ಹೋಗಲೂ ಒಂದು ಕ್ರಮ ಇದೆ. ಇಳಿದ ವಿಮಾನದ ಚಕ್ರ ಕೆಲವೊಮ್ಮೆ ಬಹಳ ಕಾದಿರುತ್ತದೆ. ಅದು ಸಿಡಿದರೆ ಚೂರು ಪಕ್ಕಕ್ಕೆ ಹಾರುತ್ತದೆ. ಹಾಗಾಗಿ ಚಕ್ರದ ಪಕ್ಕದಿಂದ ಹೋಗಬಾರದು. ಮುಂದಿನಿಂದ ಅಥವಾ ಹಿಂದಿನಿಂದ ಹೋಗಬೇಕು. ಇಂಥ ಸಣ್ಣ ಸಂಗತಿಗಳೇ ಜೀವ ಉಳಿಸುತ್ತವೆ.

ಕೆಲಸಕ್ಕೆ ಸೇರಿದ ಮೇಲೂ ಅಭ್ಯಾಸ ನಿಲ್ಲುವುದಿಲ್ಲ. ಹೆಚ್ಚಿನ ದಿನ ಬೆಂಕಿಯೇ ಬೀಳುವುದಿಲ್ಲ. ಆದರೂ ಪಾಳಿಯ ಶುರುವಿಗೆ ಗಾಡಿ, ಪೈಪು, ಸಿಲಿಂಡರ್ ಎಲ್ಲ ನೋಡಬೇಕು. ಚೆಲ್ಲಿದ ಎಣ್ಣೆ ತೊಳೆಯಬೇಕು. ಒಬ್ಬರು ರನ್‌ವೇ ಮೇಲೆ ಕಣ್ಣಿಟ್ಟು ಕೂತಿರಬೇಕು. ಗಂಟೆ ಬಾರಿಸಿದರೆ ಎಲ್ಲರೂ ಓಡಬೇಕು. ಮೂರು ನಿಮಿಷದ ಕೆಲಸಕ್ಕಾಗಿ ವರ್ಷವಿಡೀ ಕಾಯಬೇಕು.

ಎರಡು ಘಟನೆಗಳು

2010ರ ಮೇ 22. ದುಬೈನಿಂದ ಬಂದ ವಿಮಾನ ಮಂಗಳೂರಿನಲ್ಲಿ ಇಳಿಯಿತು. ಅಲ್ಲಿಯ ರನ್‌ವೇ ಗುಡ್ಡದ ಮೇಲಿದೆ. ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು ಹೊತ್ತಿ ಉರಿಯಿತು. ಅದರಲ್ಲಿ 166 ಜನರಿದ್ದರು. 158 ಜನ ತೀರಿಕೊಂಡರು. ಎಂಟೇ ಜನ ಉಳಿದರು. ಬೆಂಕಿ ಆರಿಸುವವರ ಜೊತೆ ಸುತ್ತಲಿನ ಊರಿನವರೂ ಕಣಿವೆಗೆ ಇಳಿದು ಸಹಾಯ ಮಾಡಿದರು. ಎಷ್ಟು ಬೇಗ ಓಡಿದರೂ ಎಲ್ಲರನ್ನೂ ಉಳಿಸಲು ಆಗದ ದಿನವೂ ಬರುತ್ತದೆ. ಇದು ಈ ಕೆಲಸದ ದೊಡ್ಡ ದುಃಖ.

2024ರ ಜನವರಿ 2. ಜಪಾನಿನ ಟೋಕಿಯೋ ನಗರದಲ್ಲಿ ದೊಡ್ಡ ವಿಮಾನವೊಂದು ಇಳಿಯುವಾಗ ರನ್‌ವೇಯಲ್ಲಿದ್ದ ಸಣ್ಣ ವಿಮಾನಕ್ಕೆ ಡಿಕ್ಕಿ ಹೊಡೆಯಿತು. ಸಣ್ಣ ವಿಮಾನದಲ್ಲಿದ್ದ ಆರು ಜನರಲ್ಲಿ ಐವರು ತೀರಿಕೊಂಡರು. ದೊಡ್ಡ ವಿಮಾನಕ್ಕೂ ಬೆಂಕಿ ಹತ್ತಿತು. ಅದರಲ್ಲಿ 379 ಜನರಿದ್ದರು. ಅಷ್ಟೂ ಜನ ಜೀವಂತ ಹೊರಗೆ ಬಂದರು. ಹೇಗೆ? ಸಿಬ್ಬಂದಿ ಹೇಳಿದಂತೆ ಕೇಳಿದರು. ಬ್ಯಾಗು, ಗಂಟು ಅಲ್ಲೇ ಬಿಟ್ಟರು. ವಸ್ತು ಹೋದರೆ ಮತ್ತೆ ಸಿಗುತ್ತದೆ. ಜೀವ ಹೋದರೆ ಸಿಗುತ್ತದೆಯೇ?

ಹೆಣ್ಣುಮಕ್ಕಳು ಬಂದರು

ನಾಗಪುರದಲ್ಲಿ ಬೆಂಕಿ ಆರಿಸುವ ವಿದ್ಯೆ ಕಲಿಸುವ ರಾಷ್ಟ್ರೀಯ ಕಾಲೇಜು ಇದೆ. 2002ರಲ್ಲಿ ಹರ್ಷಿಣಿ ಕಾನ್ಹೇಕರ್ ಅಲ್ಲಿ ಸೇರಿದರು. ಆ ಕಾಲೇಜಿಗೆ ಸೇರಿದ ಮೊದಲ ಹೆಣ್ಣುಮಗಳು ಅವರೇ.

2018ರಲ್ಲಿ ಕೋಲ್ಕತ್ತದ ತಾನಿಯಾ ಸನ್ಯಾಲ್ ಅವರು ವಿಮಾನ ನಿಲ್ದಾಣ ಪ್ರಾಧಿಕಾರದ ಬೆಂಕಿ ಆರಿಸುವ ಪಡೆಗೆ ಆಯ್ಕೆ ಆದರು. ಅವರು ಓದಿದ್ದು ಸಸ್ಯಶಾಸ್ತ್ರ, ಅಂದರೆ ಗಿಡಮರಗಳ ವಿದ್ಯೆ. ಆ ಪಡೆಯ ಮೊದಲ ಹೆಣ್ಣುಮಗಳು ಅವರು.

ಈ ಕೆಲಸಕ್ಕೆ ಏನು ಬೇಕು? ಪಿಯುಸಿ ಪಾಸಾಗಿರಬೇಕು, ಇಲ್ಲವೆ ಹತ್ತನೇ ತರಗತಿಯ ಮೇಲೆ ಮೂರು ವರ್ಷದ ತಾಂತ್ರಿಕ ಡಿಪ್ಲೊಮಾ ಮಾಡಿರಬೇಕು. ಗಾಡಿ ಓಡಿಸುವ ಲೈಸೆನ್ಸು ಬೇಕು. ಹೆಣ್ಣುಮಕ್ಕಳ ಎತ್ತರ 157 ಸೆಂಟಿಮೀಟರ್, ಅಂದರೆ ಸುಮಾರು ಐದು ಅಡಿ ಎರಡು ಅಂಗುಲ ಇರಬೇಕು. ದೇಹ ಗಟ್ಟಿಯಾಗಿರಬೇಕು.

ನೋಡಿ, ಹೆಣ್ಣು ಎಂಬ ಕಾರಣಕ್ಕೆ ಬಾಗಿಲು ಮುಚ್ಚಿಲ್ಲ. ಆದರೆ ಹತ್ತನೇ ತರಗತಿಗೇ ಓದು ಬಿಡಿಸಿ ಮಗಳಿಗೆ ಮದುವೆ ಮಾಡಿದರೆ ಬಾಗಿಲು ಮುಚ್ಚುವವರು ಯಾರು? ನಾವೇ ಅಲ್ಲವೇ? ಅಣ್ಣನಿಗೆ ಬೈಕು ಕಲಿಸಿದಂತೆ ತಂಗಿಗೂ ಗಾಡಿ ಕಲಿಸಿದರೆ ತಪ್ಪೇನು?

ನಮ್ಮ ಮನೆಯ ಮೂರು ನಿಮಿಷ

ನಮ್ಮ ಊರಿಗೆ ಬೆಂಕಿ ಗಾಡಿ ಮೂರು ನಿಮಿಷದಲ್ಲಿ ಬರುವುದಿಲ್ಲ. ಪಟ್ಟಣದಿಂದ ಬರಬೇಕು. ಅಲ್ಲಿಯವರೆಗೆ ಮನೆಯಲ್ಲಿರುವವರು ನಾವೇ. ಒಲೆಯ ಮುಂದೆ ನಿಲ್ಲುವವರೂ ನಾವೇ. ಅದಕ್ಕೇ ಇಷ್ಟನ್ನು ನೆನಪಿಡೋಣ.

1. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು. ಬಾಣಲೆ ಎತ್ತಿಕೊಂಡು ಓಡಬಾರದು. ಒಲೆ ಆರಿಸಿ, ಅಗಲವಾದ ತಟ್ಟೆ ಮುಚ್ಚಬೇಕು. ತಣ್ಣಗಾಗುವವರೆಗೆ ತೆಗೆಯಬಾರದು.

2. ಗ್ಯಾಸಿನ ವಾಸನೆ ಬಂದರೆ ಕಡ್ಡಿ ಗೀರಬಾರದು. ದೀಪದ ಸ್ವಿಚ್ಚು ಮುಟ್ಟಬಾರದು. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆಯಬೇಕು.

3. ಸೀರೆಗೆ ಬೆಂಕಿ ಹತ್ತಿದರೆ ಓಡಬಾರದು. ಓಡಿದರೆ ಗಾಳಿ ಸಿಕ್ಕಿ ಉರಿ ಹೆಚ್ಚುತ್ತದೆ. ನೆಲದ ಮೇಲೆ ಮಲಗಿ ಹೊರಳಬೇಕು. ಹತ್ತಿರ ಇದ್ದವರು ದಪ್ಪ ಕಂಬಳಿ ಸುತ್ತಬೇಕು.

4. ಮನೆಯಲ್ಲಿ ಹೊಗೆ ತುಂಬಿದರೆ ಬಗ್ಗಿ, ತೆವಳಿ ಹೊರಗೆ ಬರಬೇಕು. ನೆಲದ ಹತ್ತಿರ ಹೊಗೆ ಕಡಿಮೆ.

5. ಸುಟ್ಟ ಗಾಯದ ಮೇಲೆ 20 ನಿಮಿಷ ತಣ್ಣೀರು ಹರಿಸಬೇಕು. ಮಸಿ, ಪೇಸ್ಟು, ಎಣ್ಣೆ ಹಚ್ಚಬಾರದು. ಗಾಯ ದೊಡ್ಡದಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

6. ಬೆಂಕಿ ಬಿದ್ದರೆ 101 ಅಥವಾ 112ಕ್ಕೆ ಫೋನ್ ಮಾಡಬೇಕು. ಊರ ಹೆಸರು, ದಾರಿಯ ಗುರುತು ಸರಿಯಾಗಿ ಹೇಳಬೇಕು.

ಬೆಂಕಿ ಕಂಡರೆ ಹೆದರಿಕೆ ಆಗುವುದು ಸಹಜ. ತರಬೇತಿ ಪಡೆದವರಿಗೂ ಹೆದರಿಕೆ ಇರುತ್ತದೆ. ಆದರೆ ಅವರ ಕೈಗೆ ಏನು ಮಾಡಬೇಕೆಂದು ಗೊತ್ತಿರುತ್ತದೆ. ನಾವೂ ನಮ್ಮ ಕೈಗೆ ಕಲಿಸೋಣ.

ಹೊಸ ಪದಗಳು

ಅಗ್ನಿಶಾಮಕ = ಬೆಂಕಿ ಆರಿಸುವ
ಇಂಧನ = ಉರಿಸಲು ಬಳಸುವ ವಸ್ತು
ರನ್‌ವೇ = ವಿಮಾನ ಓಡುವ ದಾರಿ
ಪಾಳಿ = ಕೆಲಸದ ಸರದಿ

ಉತ್ತರ ಹೇಳೋಣ

1. ಎಣ್ಣೆಯ ಬೆಂಕಿಗೆ ನೀರು ಯಾಕೆ ಸುರಿಯಬಾರದು?
2. ಹೊಗೆಯಲ್ಲಿ ತಡವುವಾಗ ಕೈಯ ಹಿಂಬದಿ ಯಾಕೆ ಚಾಚಬೇಕು?
3. ಟೋಕಿಯೋದಲ್ಲಿ ದೊಡ್ಡ ವಿಮಾನದ ಜನ ಹೇಗೆ ಪಾರಾದರು?

ಲೆಕ್ಕ ಮಾಡೋಣ

ಒಂದು ಗಾಡಿ ಒಂದು ನಿಮಿಷಕ್ಕೆ ಒಂದು ಕಿಲೋಮೀಟರ್ ಓಡುತ್ತದೆ. ಮೂರು ನಿಮಿಷಕ್ಕೆ ಎಷ್ಟು ಓಡುತ್ತದೆ? ಬೆಂಕಿ ಗಾಡಿ ಇರುವ ಪಟ್ಟಣ ನಿಮ್ಮ ಊರಿಗೆ ಎಷ್ಟು ದೂರ? ಅದು ಬರಲು ಎಷ್ಟು ನಿಮಿಷ ಬೇಕು?

ಮಾಡೋಣ

101, 112 ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ಅಡುಗೆಮನೆಯ ಗೋಡೆಗೆ ಅಂಟಿಸಿ. ನೀವೇ ಬರೆಯಿರಿ. ಈಗ ನಿಮಗೆ ಬರೆಯಲು ಬರುತ್ತದಲ್ಲ!