ಆಲಿವ್ ಗುಳಿಗೆ ನುಂಗುವ ಮುನ್ನ

ನೀನು ಕಳಿಸಿದ ಫೋಟೋ ನೋಡಿದೆ ಮಗಳೇ. ಹಸಿರು ಡಬ್ಬಿ, ಮೇಲೆ ಆಲಿವ್ ಕೊಂಬೆಯ ಚಿತ್ರ, ಅದರಡಿ ‘ಕೊಬ್ಬು ಕರಗಿಸುವ ಆಂಟಿಆಕ್ಸಿಡೆಂಟ್’ ಎಂಬ ಬರಹ. ‘ದೊಡ್ಡಮ್ಮ, ಇದನ್ನ ತಗೋಬಹುದಾ?’ ಎಂದು ಕೇಳಿದ್ದೀಯ. ಬೇಡ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ನಾಳೆ ಇನ್ನೊಂದು ಡಬ್ಬಿ ಬರುತ್ತದೆ, ಅದರ ಮೇಲೆ ಇನ್ನೊಂದು ಹೆಸರಿರುತ್ತದೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟವಳು ನಾನು, ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ.

ಡಬ್ಬಿಯ ಮೇಲಿನ ಹೆಸರುಗಳು ಸುಳ್ಳಲ್ಲ. ಆಲಿವ್ ಕಾಯಿಯನ್ನು ಮರದಿಂದ ಕಿತ್ತು ಹಾಗೇ ಕಚ್ಚಿದರೆ ಉಗಿಯಬೇಕಾಗುತ್ತದೆ, ಅಷ್ಟು ಕಹಿ. ಉಪ್ಪುನೀರಿನಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನೆನೆದ ಮೇಲೆಯೇ ಅದು ತಿನ್ನುವ ಹದಕ್ಕೆ ಬರುವುದು. ಆ ಕಹಿಯ ಮೂಲ ಒಲಿಯುರೋಪೀನ್ ಎಂಬ ವಸ್ತು. ಎಲೆಯಲ್ಲೂ ಅದು ಧಾರಾಳವಾಗಿದೆ, ಕೀಟಗಳಿಂದ ಗಿಡ ತನ್ನನ್ನು ಕಾಪಾಡಿಕೊಳ್ಳುವುದು ಅದರಿಂದಲೇ. ಅದು ಒಡೆದಾಗ ಸಿಗುವುದು ಹೈಡ್ರಾಕ್ಸಿಟೈರೊಸಾಲ್. ನಿನ್ನ ಡಬ್ಬಿಯಲ್ಲಿ ದಪ್ಪಕ್ಷರದಲ್ಲಿ ಇರುವುದು ಇದೇ.

ಇನ್ನೊಂದಿದೆ, ಒಲಿಯೊಕ್ಯಾಂಥಾಲ್. ಒಳ್ಳೆಯ ಆಲಿವ್ ಎಣ್ಣೆಯನ್ನು ಒಂದು ಚಮಚ ಹಾಗೇ ಬಾಯಿಗೆ ಹಾಕಿಕೊಂಡು ನುಂಗಿ ನೋಡು. ನಾಲಿಗೆಯ ಮೇಲೆ ಉರಿಯೇನೂ ಆಗುವುದಿಲ್ಲ. ಕೆಲವು ಕ್ಷಣ ಕಳೆದ ಮೇಲೆ ಗಂಟಲಿನ ಹಿಂಭಾಗ ಮಾತ್ರ ಚುರುಗುಟ್ಟಿ ಕೆಮ್ಮು ಬರುತ್ತದೆ. ಗ್ಯಾರಿ ಬೊಷಾಂ ಎಂಬ ಅಮೆರಿಕದ ವಿಜ್ಞಾನಿ ಸಿಸಿಲಿಗೆ ಹೋಗಿದ್ದಾಗ ಹೊಸ ಎಣ್ಣೆಯ ರುಚಿ ನೋಡಿದರು. ಅದಕ್ಕೂ ಮೊದಲು ಐಬುಪ್ರೊಫೆನ್ ಎಂಬ ನೋವಿನ ಔಷಧಿಯ ದ್ರವರೂಪದ ರುಚಿ ನೋಡುವ ಕೆಲಸ ಮಾಡಿದ್ದವರು. ಎಣ್ಣೆ ಗಂಟಲಿಗಿಳಿದಾಗ ಅದೇ ಉರಿ! ಅಲ್ಲಿಂದ ಶುರುವಾದ ಕೆಲಸ 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಐಬುಪ್ರೊಫೆನ್ ತಡೆಯುವ ಕಿಣ್ವಗಳನ್ನೇ ಒಲಿಯೊಕ್ಯಾಂಥಾಲ್ ಕೂಡ ತಡೆಯುತ್ತದೆ. ಇಷ್ಟು ಸೊಗಸಾದ ಸಂಶೋಧನೆಯನ್ನು ನಾನು ಹೆಚ್ಚು ಕಂಡಿಲ್ಲ. ಪ್ರಮಾಣವನ್ನೂ ಕೇಳು. ದಿನಕ್ಕೆ 50 ಮಿಲಿಲೀಟರ್ ಎಣ್ಣೆ ಕುಡಿದರೂ ಸಿಗುವುದು ದೊಡ್ಡವರು ತೆಗೆದುಕೊಳ್ಳುವ ಐಬುಪ್ರೊಫೆನ್ ಪ್ರಮಾಣದ ಹತ್ತನೇ ಒಂದು ಪಾಲಿನಷ್ಟು. ಅಷ್ಟು ಎಣ್ಣೆಯಲ್ಲಿ 400 ಕ್ಯಾಲೊರಿಗೂ ಹೆಚ್ಚಿದೆ.

ಹಾಗಾದರೆ ಏನು ಸಾಬೀತಾಗಿದೆ? 20 ಗ್ರಾಂ ಎಣ್ಣೆಯಲ್ಲಿ ಕನಿಷ್ಠ 5 ಮಿಲಿಗ್ರಾಂ ಹೈಡ್ರಾಕ್ಸಿಟೈರೊಸಾಲ್ ಮತ್ತು ಅದರ ಬಳಗ ಇದ್ದರೆ, ಆ ಎಣ್ಣೆ ರಕ್ತದ ಕೊಬ್ಬನ್ನು ಆಕ್ಸಿಡೀಕರಣದಿಂದ ಕಾಪಾಡಲು ನೆರವಾಗುತ್ತದೆ ಎಂದು ಬಾಟಲಿಯ ಮೇಲೆ ಬರೆದುಕೊಳ್ಳಲು ಐರೋಪ್ಯ ಒಕ್ಕೂಟ 2012ರಲ್ಲಿ ಒಪ್ಪಿಗೆ ಕೊಟ್ಟಿತು. ಆ ಒಪ್ಪಿಗೆಯಲ್ಲಿ ತೂಕದ ಸುದ್ದಿಯೇ ಇಲ್ಲ.

ತೂಕದ ವಿಷಯಕ್ಕೆ ಸ್ಪೇನ್‌ಗೆ ಹೋಗೋಣ. ಅಲ್ಲಿ ಹೃದ್ರೋಗದ ಅಪಾಯವಿದ್ದ, 55ರಿಂದ 80 ವಯಸ್ಸಿನ 7,400ಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿದರು. ‘ಪ್ರೆಡಿಮೆಡ್’ ಎಂದು ಅದರ ಹೆಸರು. ಒಂದು ಗುಂಪಿಗೆ ಮನೆಗೆ ವಾರಕ್ಕೆ ಒಂದು ಲೀಟರ್ ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ ಕೊಟ್ಟು, ತರಕಾರಿ, ಬೇಳೆಕಾಳು, ಹಣ್ಣು, ಮೀನು ಹೆಚ್ಚಿಸಿ ಎಂದರು. ಇನ್ನೊಂದು ಗುಂಪಿಗೆ ಕೊಬ್ಬು ಕಡಿಮೆ ಮಾಡಿ ಎಂದರು. 2013ರಲ್ಲಿ ಫಲಿತಾಂಶ ಬಂತು. ಕೆಲವು ಕಡೆ ಗುಂಪು ವಿಂಗಡಿಸಿದ್ದರಲ್ಲಿ ಲೋಪವಿತ್ತೆಂದು ಅದನ್ನು ಹಿಂಪಡೆದು, ಲೆಕ್ಕ ಮತ್ತೆ ಹಾಕಿ 2018ರಲ್ಲಿ ಮರುಪ್ರಕಟಿಸಿದರು. ಹೃದಯಾಘಾತ, ಪಾರ್ಶ್ವವಾಯುವಿನಂಥವು ಎಣ್ಣೆಯ ಗುಂಪಿನಲ್ಲಿ ಸುಮಾರು 30 ಪ್ರತಿಶತ ಕಡಿಮೆ ಎಂಬುದು ಆಗಲೂ ನಿಂತಿತು. ತೂಕ? ಐದು ವರ್ಷದ ಕೊನೆಗೆ ಎರಡು ಗುಂಪುಗಳ ನಡುವೆ ಇದ್ದ ವ್ಯತ್ಯಾಸ ಅರ್ಧ ಕಿಲೋಗೂ ಕಡಿಮೆ. ಅಷ್ಟು ಎಣ್ಣೆ ತಿಂದೂ ಅವರು ದಪ್ಪಗಾಗಲಿಲ್ಲ ಎಂಬುದು ನಿಜವಾಗಿಯೂ ಒಳ್ಳೆಯ ಸುದ್ದಿ, ಆದರೆ ಕೊಬ್ಬು ಕರಗಿತು ಎಂದು ಹೇಳುವ ಸುದ್ದಿ ಅದಲ್ಲ. ಕರಗಿತು ಎನ್ನುವವರು ತೋರಿಸುವುದು ಹೆಚ್ಚಾಗಿ ಇಲಿಗಳ ಮೇಲಿನ ಪ್ರಯೋಗಗಳನ್ನು.

ಆಹಾರದಿಂದ ಒಂದು ವಸ್ತುವನ್ನು ಹೆಕ್ಕಿ ಗುಳಿಗೆ ಮಾಡಿದರೆ ಆಹಾರದ ಗುಣವೂ ಅದರ ಜೊತೆ ಬರುತ್ತದೆ ಎಂಬ ನಂಬಿಕೆ ಹಳೆಯದು. ಕ್ಯಾರೆಟ್ಟಿನ ಬೀಟಾ ಕ್ಯಾರೊಟಿನ್ ಕೂಡ ಆಂಟಿಆಕ್ಸಿಡೆಂಟೇ. ಫಿನ್‌ಲೆಂಡಿನಲ್ಲಿ 29,000 ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದಲ್ಲಿ ಅದರ ಗುಳಿಗೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18 ಪ್ರತಿಶತ ಹೆಚ್ಚಾಗಿತ್ತು. 1994ರ ಮಾತು ಇದು. ಆಲಿವ್ ಗುಳಿಗೆಯೂ ಹಾಗೇ ಮಾಡುತ್ತದೆ ಎಂದು ನಾನು ಹೇಳುತ್ತಿಲ್ಲ. ಗಿಡದಿಂದ ಬಂದದ್ದು, ಅಪಾಯವೇನಿದೆ ಎಂಬ ಧೈರ್ಯ ಬೇಡ ಎನ್ನುತ್ತಿದ್ದೇನೆ.

ಅದಕ್ಕಿಂತ ಮುಖ್ಯವಾದದ್ದು ಒಂದಿದೆ. ನಿಮ್ಮಮ್ಮನಿಗೂ ಒಂದು ಡಬ್ಬಿ ತರಿಸಿಕೊಟ್ಟಿದ್ದೀಯಂತೆ. ಅವಳು ಬಿ.ಪಿ. ಮಾತ್ರೆ ತೆಗೆದುಕೊಳ್ಳುವವಳು. ಇಂಡೊನೇಷ್ಯಾದಲ್ಲಿ ಬಿ.ಪಿ. ರೋಗಿಗಳಿಗೆ ಎಂಟು ವಾರ ಆಲಿವ್ ಎಲೆಯ ಸಾರ ಕೊಟ್ಟು ನೋಡಿದಾಗ, ಕ್ಯಾಪ್ಟೊಪ್ರಿಲ್ ಎಂಬ ಬಿ.ಪಿ. ಮಾತ್ರೆ ತೆಗೆದುಕೊಂಡವರಲ್ಲಿ ಇಳಿದಷ್ಟೇ ಹೆಚ್ಚುಕಡಿಮೆ ಇವರ ರಕ್ತದೊತ್ತಡವೂ ಇಳಿಯಿತು. ಅಂದರೆ ಎಲೆಗೆ ಶಕ್ತಿಯಿದೆ, ಆ ಶಕ್ತಿಯೇ ನನ್ನ ಭಯ. ಮಾತ್ರೆಯ ಮೇಲೆ ಇದೂ ಸೇರಿ ಒತ್ತಡ ತೀರಾ ಕುಸಿದು, ಬಚ್ಚಲುಮನೆಯಲ್ಲಿ ತಲೆಸುತ್ತಿ ಬಿದ್ದರೆ ಏನು ಗತಿ? ಡಾಕ್ಟರಿಗೆ ಡಬ್ಬಿಯನ್ನೇ ಒಯ್ದು ತೋರಿಸಿ. ಅವರು ಸರಿ ಎನ್ನುವವರೆಗೆ ಅವಳು ಅದನ್ನು ಮುಟ್ಟುವುದು ಬೇಡ.

ನೀನೂ ಅಷ್ಟೇ, ತಿಂಡಿ ಬಿಟ್ಟು ಗುಳಿಗೆ ನುಂಗಬೇಡ. ಆಲಿವ್ ಬೆಳೆಯುವ ಗ್ರೀಸಿನ ಕ್ರೀಟ್ ದ್ವೀಪದ ಹಳ್ಳಿಗರು ಹೊಲದಂಚಿನ ಸೊಪ್ಪು ಬೇಯಿಸಿ, ಎಣ್ಣೆ ನಿಂಬೆರಸ ಹಾಕಿ, ಕಾಳಿನ ಜೊತೆ ತಿಂದವರು, ದಿನವಿಡೀ ಮೈಮುರಿದು ದುಡಿದವರು. ನಮ್ಮ ಬೆರಕೆ ಸೊಪ್ಪಿನ ಬಸ್ಸಾರು, ಮುದ್ದೆ, ಹುರುಳಿಕಾಳು ಅದರಿಂದ ಬಹಳ ದೂರವೇನಲ್ಲ.

ಆಲಿವ್ ಎಣ್ಣೆಯ ಮೇಲೆ ನಿನಗೆ ಮನಸ್ಸಿದ್ದರೆ ಸಂತೋಷವಾಗಿ ತಾ. ಎಕ್ಸ್‌ಟ್ರಾ ವರ್ಜಿನ್ನೇ ಆಗಿರಲಿ, ಬಾಟಲಿ ಗಾಢ ಬಣ್ಣದ್ದಾಗಿರಲಿ, ಕೊಯ್ಲಿನ ದಿನಾಂಕ ಇದ್ದರೆ ನೋಡಿಕೋ. ಪೊಮೇಸ್, ರಿಫೈನ್ಡ್ ಎಂದಿರುವುದರಲ್ಲಿ ನಾನು ಹೇಳಿದ ಕಹಿ ಹೆಚ್ಚುಕಡಿಮೆ ಹೋಗಿಬಿಟ್ಟಿರುತ್ತದೆ. ‘ಲೈಟ್’ ಎಂದಿದ್ದರೂ ಕ್ಯಾಲೊರಿ ಅಷ್ಟೇ, ದೊಡ್ಡ ಚಮಚಕ್ಕೆ ಸುಮಾರು 120. ಹಾಗಾಗಿ ದಿನದ ಎಣ್ಣೆಯ ಲೆಕ್ಕದೊಳಗೇ ಇದನ್ನೂ ಸೇರಿಸಿಕೋ, ಮೇಲೆ ಹೆಚ್ಚಿಗೆ ಸುರಿಯಬೇಡ. ಕೋಸಂಬರಿಗೆ ಹಸಿಯಾಗಿ ಒಂದು ಚಮಚ ಹಾಕು, ಕರಿಯಲು ಬಳಸಬೇಡ. ಬಾಟಲಿಯನ್ನು ಒಲೆಯ ಪಕ್ಕ ಇಡದೆ ಮುಚ್ಚಿದ ಕಪಾಟಿನಲ್ಲಿಡು, ತೆರೆದ ಮೇಲೆ ಎರಡು ಮೂರು ತಿಂಗಳೊಳಗೆ ಮುಗಿಸು.