ಅರ್ಜಿ ಹಾಕು, ಮಗಳೇ

ಎಂಜಿನಿಯರಿಂಗ್ ಮುಗಿಸಿ, ಐದಾರು ವರ್ಷ ಕೆಲಸ ಮಾಡಿ, ಮುಂದೇನು ಎಂದು ಯೋಚಿಸುವ ಹೊತ್ತಿಗೆ ನನ್ನ ಹಳೆಯ ವಿದ್ಯಾರ್ಥಿನಿಯರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಮೇಡಂ, ಹೊರದೇಶದ ಫೆಲೋಶಿಪ್‌ಗಳು ನಮ್ಮಂಥವರಿಗೂ ಸಿಗುತ್ತವಾ?’ ನೀನೂ ಅದನ್ನೇ ಕೇಳಿದೆ. ಓದಿದ್ದು ಜಿಲ್ಲಾ ಕೇಂದ್ರದ ಕಾಲೇಜು, ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ರ‍್ಯಾಂಕ್ ಬಂದಿಲ್ಲ, ಮನೆಯಲ್ಲಿ ಮೂರು ವರ್ಷದ ಮಗು. ಇವನ್ನೆಲ್ಲ ನೀನೇ ಪಟ್ಟಿ ಮಾಡಿಕೊಂಡು, ನೀನೇ ತೀರ್ಪು ಕೊಟ್ಟುಕೊಂಡು, ಅರ್ಜಿಯ ಕೊನೆಯ ದಿನ ದಾಟಿಹೋಗಲು ಬಿಟ್ಟೆ. ಅದಕ್ಕೇ ಮೊದಲು ಈ ಮಾತು ಹೇಳುತ್ತೇನೆ. ಯಾರು ಬೇಕು, ಯಾರು ಬೇಡ ಎಂದು ಆರಿಸುವುದು ಆಯ್ಕೆ ಸಮಿತಿಯವರ ಕೆಲಸ. ಆ ಕೆಲಸವನ್ನು ನೀನು ಮೈಮೇಲೆ ಹಾಕಿಕೊಳ್ಳಬೇಡ. ಇಷ್ಟು ವರ್ಷ ಪಾಠ ಹೇಳಿ, ಶಿಫಾರಸು ಪತ್ರಗಳನ್ನು ಬರೆದುಕೊಟ್ಟು ನಾನು ಕಂಡದ್ದೇನೆಂದರೆ, ಅರ್ಜಿ ಹಾಕಿ ಸೋತ ಹುಡುಗಿಯರಿಗಿಂತ ಅರ್ಜಿಯನ್ನೇ ಹಾಕದೆ ಉಳಿದವರು ಹೆಚ್ಚು. ಬಾಯಿದ್ದವರು ಬರಗಾಲದಲ್ಲೂ ಬದುಕಿದರು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ನಿನಗಿಂತ ಬಹಳ ಕಷ್ಟದ ಕಾಲದಲ್ಲಿ ಅರ್ಜಿ ಹಾಕಿ ಹೋದ ಒಬ್ಬರ ಬಗ್ಗೆ ಹೇಳುತ್ತೇನೆ ಕೇಳು. ರಾಜೇಶ್ವರಿ ಚಟರ್ಜಿ 1922ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದವರು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ರಾಜೇಶ್ವರಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ ಎಂ.ಎಸ್ಸಿ. ಮುಗಿಸಿದರು. 1943ರಲ್ಲಿ, ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ತಂತ್ರಜ್ಞಾನ ವಿಭಾಗಕ್ಕೆ ಸಂಶೋಧನಾ ವಿದ್ಯಾರ್ಥಿನಿಯಾಗಿ ಸೇರಿದರು. ಮಹಾಯುದ್ಧ ಮುಗಿದ ಮೇಲೆ ದೆಹಲಿಯ ಸರ್ಕಾರ ಎಳೆಯ ವಿಜ್ಞಾನಿಗಳನ್ನು ಹೊರದೇಶಕ್ಕೆ ಕಳುಹಿಸಲು ವಿದ್ಯಾರ್ಥಿವೇತನ ಕೊಡತೊಡಗಿತು. ಗಣಿತ ಓದಿದ ಈ ಹುಡುಗಿ ಎಲೆಕ್ಟ್ರಾನಿಕ್ಸ್‌ಗೆ ಅರ್ಜಿ ಹಾಕಿದರು. 1946ರಲ್ಲಿ ಆಯ್ಕೆಯಾದರು, 1947ರಲ್ಲಿ ಅಮೆರಿಕಕ್ಕೆ ಹಡಗು ಹತ್ತಿದರು.

ಮುಂದಿನದನ್ನು ಗಮನವಿಟ್ಟು ನೋಡು. ಅವರು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮಾಸ್ಟರ್ಸ್ ಮಾಡಿದರು. ಅದು ಮುಗಿದ ಮೇಲೆ ವಾಷಿಂಗ್ಟನ್‌ನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ರೇಡಿಯೋ ತರಂಗಗಳನ್ನು ಅಳೆಯುವ ವಿದ್ಯೆಯಲ್ಲಿ ಎಂಟು ತಿಂಗಳು ಕೈಯಾರೆ ತರಬೇತಿ ಪಡೆದರು. 1949ರಲ್ಲಿ ಬಾರ್ಬರ್ ವಿದ್ಯಾರ್ಥಿವೇತನ ಪಡೆದು ಮತ್ತೆ ಮಿಷಿಗನ್‌ಗೆ ಹೋದರು. 1953ರಲ್ಲಿ ಪಿಎಚ್.ಡಿ. ಮುಗಿಸಿ ಬೆಂಗಳೂರಿಗೆ ಮರಳಿ, ಟಾಟಾ ಇನ್‌ಸ್ಟಿಟ್ಯೂಟಿನಲ್ಲೇ ಅಧ್ಯಾಪಕಿಯಾದರು. ಸಹೋದ್ಯೋಗಿಯೂ ಪತಿಯೂ ಆದ ಶಿಶಿರ್ ಕುಮಾರ್ ಚಟರ್ಜಿಯವರ ಜೊತೆ ಸೇರಿ ಅಲ್ಲಿ ಮೈಕ್ರೋವೇವ್ ಸಂಶೋಧನೆಗೆ ಪ್ರಯೋಗಾಲಯ ಕಟ್ಟಿದರು. ಅವರ ಮಾರ್ಗದರ್ಶನದಲ್ಲಿ 20 ಮಂದಿ ಪಿಎಚ್.ಡಿ. ಮಾಡಿದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಇವತ್ತು ಅವರನ್ನು ನೆನೆಯುತ್ತೇವೆ. ಒಂದು ಅರ್ಜಿ ಇನ್ನೊಂದಕ್ಕೆ ದಾರಿಯಾಯಿತು, ಆ ವಿದ್ಯೆ ಊರಿಗೆ ಬಂದು ಇಪ್ಪತ್ತು ಜನರ ಪಾಲಾಯಿತು. ಫೆಲೋಶಿಪ್ಪಿನ ನಿಜವಾದ ಲೆಕ್ಕ ಇದೇ.

ಆ ಬಾರ್ಬರ್ ವಿದ್ಯಾರ್ಥಿವೇತನ ಹುಟ್ಟಿದ ಬಗೆಯನ್ನೂ ನೀನು ತಿಳಿಯಬೇಕು. ಲೀವೈ ಬಾರ್ಬರ್ ಎಂಬ ಮಿಷಿಗನ್ನಿನ ಹಿರಿಯರೊಬ್ಬರು ಏಷ್ಯಾದಲ್ಲಿ ಪ್ರವಾಸ ಮಾಡುವಾಗ, ತಮ್ಮ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ ತವರಿಗೆ ಮರಳಿದ ಹೆಣ್ಣುಮಕ್ಕಳು ಮಾಡುತ್ತಿದ್ದ ಕೆಲಸವನ್ನು ಕಣ್ಣಾರೆ ಕಂಡರು. 1917ರಲ್ಲಿ ಏಷ್ಯಾದ ಹೆಣ್ಣುಮಕ್ಕಳಿಗಾಗಿಯೇ ನಿಧಿ ಇಟ್ಟರು. ಅದೇ ನಿಧಿಯಿಂದ ತಲಶ್ಶೇರಿಯ ಜಾನಕಿ ಅಮ್ಮಾಳ್ ಮಿಷಿಗನ್‌ನಲ್ಲಿ ಸಸ್ಯಶಾಸ್ತ್ರ ಓದಿ 1931ರಲ್ಲಿ ಡಾಕ್ಟರೇಟ್ ಪಡೆದರು. ಮೊದಲು ಹೋದ ಕೆಲವರು ಊರಿಗೆ ಬಂದು ಶ್ರದ್ಧೆಯಿಂದ ದುಡಿದದ್ದರಿಂದ ಜಾನಕಿ ಅಮ್ಮಾಳ್ ಅವರಿಗೂ, ಅವರಾದ ಮೇಲೆ ನಂಜನಗೂಡಿನ ಹುಡುಗಿಗೂ ಬಾಗಿಲು ತೆರೆಯಿತು. ನೀನು ಒಬ್ಬಳೇ ಹೋಗುತ್ತಿದ್ದೇನೆ ಎಂದುಕೊಂಡರೂ ನಿನ್ನ ಹಿಂದೆ ಬರುವವರ ದಾರಿ ನಿನ್ನ ನಡತೆಯ ಮೇಲೆ ನಿಂತಿರುತ್ತದೆ.

ಈಗ ಇವತ್ತಿನ ಮಾತಿಗೆ ಬರುತ್ತೇನೆ. ಫೆಲೋಶಿಪ್ ಎಂದಾಕ್ಷಣ ಪಿಎಚ್.ಡಿ. ಎಂದೇ ತಿಳಿಯಬೇಡ. ಬೇರೆ ಬೇರೆ ವಯಸ್ಸಿಗೆ, ಬೇರೆ ಬೇರೆ ಅಗತ್ಯಕ್ಕೆ ಬೇರೆ ಬೇರೆ ಇವೆ. ಒಂದು ವರ್ಷದ ಮಾಸ್ಟರ್ಸ್ ಬೇಕೆನ್ನುವವಳಿಗೆ ಬ್ರಿಟಿಷ್ ಕೌನ್ಸಿಲ್ ವಿಜ್ಞಾನ, ತಂತ್ರಜ್ಞಾನ ಓದುವ ಮಹಿಳೆಯರಿಗೆಂದೇ ಕೊಡುವ ವಿದ್ಯಾರ್ಥಿವೇತನವಿದೆ. ಬೋಧನಾ ಶುಲ್ಕ, ಖರ್ಚಿನ ಹಣ, ಪ್ರಯಾಣ, ವೀಸಾ ಎಲ್ಲವೂ ಅದರಲ್ಲಿ ಬರುತ್ತವೆ. ಮಕ್ಕಳಿರುವ ತಾಯಂದಿರಿಗೆ ವಿಶೇಷ ನೆರವೂ ಉಂಟು. ನಿನ್ನ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತಲ್ಲ! ಬ್ರಿಟನ್ ಸರ್ಕಾರ 1983ರಿಂದ ಕೊಡುತ್ತಿರುವ ಚೀವ್‌ನಿಂಗ್ ಗಂಡಸರು, ಹೆಂಗಸರು ಇಬ್ಬರಿಗೂ ತೆರೆದಿದೆ. ಅದಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕು. ಪಿಎಚ್.ಡಿ. ಅಥವಾ ಅದರ ನಂತರದ ಸಂಶೋಧನೆಗೆ ಶ್ಲುಂಬರ್ಜೆ ಪ್ರತಿಷ್ಠಾನ 2004ರಲ್ಲಿ ಆರಂಭಿಸಿದ ‘ಫ್ಯಾಕಲ್ಟಿ ಫಾರ್ ದಿ ಫ್ಯೂಚರ್’ ಅಭಿವೃದ್ಧಿಶೀಲ ದೇಶಗಳ ಮಹಿಳೆಯರಿಗಾಗಿಯೇ ಇರುವಂಥದ್ದು. ವಿಮಾನ, ಬಾಹ್ಯಾಕಾಶ ವಿಷಯದಲ್ಲಿ ಪಿಎಚ್.ಡಿ. ಮಾಡುವವರಿಗೆ ಜೋಂಟಾ ಇಂಟರ್‌ನ್ಯಾಷನಲ್ 1938ರಿಂದ ಅಮೇಲಿಯಾ ಇಯರ್‌ಹಾರ್ಟ್ ಹೆಸರಿನಲ್ಲಿ ಫೆಲೋಶಿಪ್ ಕೊಡುತ್ತಿದೆ. ಮೊತ್ತ 10,000 ಡಾಲರ್, ಯಾವ ದೇಶದವಳಾದರೂ ಸರಿ. ಎಚ್‌ಎಎಲ್, ಇಸ್ರೊ ಇರುವ ಊರಿನ ಹುಡುಗಿಯರಿಗೆ ಇದು ಗೊತ್ತಿರಲೇಬೇಕು.

ಪದವಿ ಬೇಡ, ನಡುವಯಸ್ಸಿನಲ್ಲಿ ಒಂದಿಷ್ಟು ಕಾಲ ಹೊರಗೆ ಹೋಗಿ ಕಲಿತು ಬರಬೇಕು ಎನ್ನುವವರಿಗೂ ದಾರಿಗಳಿವೆ. 1978ರಲ್ಲಿ ಆರಂಭವಾದ ಅಮೆರಿಕದ ಹಂಫ್ರಿ ಫೆಲೋಶಿಪ್ ಹತ್ತು ತಿಂಗಳದ್ದು, ಪದವಿಯ ಹಂಗಿಲ್ಲದ್ದು. ಪಿಎಚ್.ಡಿ. ಆದವರಿಗೆ ಯುರೋಪಿನ ಮರಿ ಸ್ಕ್ಲೋಡೋವ್ಸ್ಕ ಕ್ಯೂರಿ ಫೆಲೋಶಿಪ್‌ನಲ್ಲಿ ವಯಸ್ಸಿನ ಮಿತಿ ಇಲ್ಲ. ಪಿಎಚ್.ಡಿ. ನಂತರದ ಎಂಟು ವರ್ಷದೊಳಗೆ ಎಂಬ ಲೆಕ್ಕವಿದ್ದರೂ ಮಗುವಿಗಾಗಿ ತೆಗೆದುಕೊಂಡ ರಜೆಯನ್ನು ಆ ಲೆಕ್ಕದಿಂದ ಕಳೆಯುತ್ತಾರೆ. ಹೆರಿಗೆ ರಜೆಯ ಪತ್ರವನ್ನೂ ಜೋಪಾನವಾಗಿಡು ಎನ್ನುವುದು ಇದಕ್ಕೇ.

ಎಲ್ಲವೂ ಎಲ್ಲರಿಗೂ ಇಲ್ಲ ಎಂಬುದನ್ನೂ ನೆನಪಿಡು. ಅಮೆರಿಕದ ವಿದೇಶಾಂಗ ಇಲಾಖೆ 2011ರಲ್ಲಿ ಆರಂಭಿಸಿದ ಟೆಕ್‌ವಿಮೆನ್ ಬಹಳ ಹೆಸರು ಮಾಡಿತು. ಹೊರದೇಶಗಳ ತಂತ್ರಜ್ಞೆಯರನ್ನು ಸ್ಯಾನ್ ಫ್ರಾನ್ಸಿಸ್ಕೊ ಕಡೆಯ ಕಂಪನಿಗಳಲ್ಲಿ ಐದು ವಾರ ಹಿರಿಯರ ಕೈಕೆಳಗೆ ಬಿಡುವ ಯೋಜನೆ ಅದು. ಆದರೆ ಅದರ ದೇಶಗಳ ಪಟ್ಟಿಯಲ್ಲಿ ಭಾರತವಿರಲಿಲ್ಲ. ಇಟಲಿಯ ಟ್ರಿಯೆಸ್ಟೆಯಲ್ಲಿರುವ, ಅಭಿವೃದ್ಧಿಶೀಲ ಜಗತ್ತಿನ ವಿಜ್ಞಾನಿ ಮಹಿಳೆಯರ ಸಂಸ್ಥೆ ಕೊಡುವ ಪಿಎಚ್.ಡಿ. ಫೆಲೋಶಿಪ್ ವಿಜ್ಞಾನದಲ್ಲಿ ಹಿಂದುಳಿದ ದೇಶಗಳ ಹೆಣ್ಣುಮಕ್ಕಳಿಗೆ ಮೀಸಲು. ಅವರು ಓದಲು ಆರಿಸಿಕೊಳ್ಳಬಹುದಾದ ದೇಶಗಳಲ್ಲಿ ನಮ್ಮ ಭಾರತವೂ ಒಂದು. ಅಂದರೆ ನೀನು ಹೊರಗೆ ಹೋಗಲು ಕಾಯುತ್ತಿರುವ ಹೊತ್ತಿನಲ್ಲೇ ಆಫ್ರಿಕಾದ ಹುಡುಗಿಯೊಬ್ಬಳು ಇಲ್ಲಿಗೆ ಬರಲು ಅರ್ಜಿ ತುಂಬುತ್ತಿರಬಹುದು. ಇಲ್ಲಿರುವುದೂ ಸಣ್ಣದೇನಲ್ಲ ಎಂದು ಇದರಿಂದ ತಿಳಿದುಕೋ. ಅರ್ಹತೆಯ ಪುಟವನ್ನು ಮೊದಲು ಓದು, ಆಸೆಯನ್ನು ಆಮೇಲೆ ಬೆಳೆಸು. ಸರ್ಕಾರಗಳು ಬದಲಾದಂತೆ ಕೆಲವು ಯೋಜನೆಗಳ ಹಣ ನಿಲ್ಲುವುದೂ ಉಂಟು. ಹೋದ ವರ್ಷದ ಮಾತು ನಂಬದೆ, ಆಯಾ ಸಂಸ್ಥೆಯ ಜಾಲತಾಣದಲ್ಲಿ ಆ ವರ್ಷದ ಪ್ರಕಟಣೆಯನ್ನೇ ನೋಡು.

ಇನ್ನು ಅರ್ಜಿಯ ಜೀವ ಇರುವುದು ನೀನು ಬರೆಯುವ ಉದ್ದೇಶ ಪತ್ರದಲ್ಲಿ. ನೂರಾರು ಅರ್ಜಿಗಳು ಒಂದೇ ಮಾತು ಹೇಳುತ್ತವೆ: ‘ನನಗೆ ಕೃತಕ ಬುದ್ಧಿಮತ್ತೆಯಲ್ಲಿ ಅಪಾರ ಆಸಕ್ತಿ.’ ಅದನ್ನು ಓದಿದವರಿಗೆ ನೀನು ಯಾರೆಂದು ತಿಳಿಯುವುದಿಲ್ಲ. ಹೀಗೆ ಬರೆದು ನೋಡು: ‘ಕಲಬುರಗಿಯ ರೈತ ತನ್ನ ಧಾಟಿಯಲ್ಲಿ ಮಾತಾಡಿದರೆ ಮೊಬೈಲ್ ತಪ್ಪಾಗಿ ಬರೆದುಕೊಳ್ಳುತ್ತದೆ. ಎಲ್ಲಿ ಎಡವುತ್ತದೆ ಎಂದು ಧ್ವನಿ ಮಾದರಿಗಳನ್ನು ಕೂಡಿಹಾಕಿ ಪರೀಕ್ಷಿಸಿದ್ದೇನೆ. ಮುಂದಿನ ಹೆಜ್ಜೆಗೆ ಬೇಕಾದ ವಿದ್ಯೆ ನಿಮ್ಮ ಈ ಪ್ರಯೋಗಾಲಯದಲ್ಲಿದೆ. ಕಲಿತು ಬಂದು ಇದನ್ನು ಮಾಡುತ್ತೇನೆ.’ ಇದರಲ್ಲಿ ಊರಿದೆ, ಸಮಸ್ಯೆಯಿದೆ, ಮಾಡಿದ ಕೆಲಸವಿದೆ, ಮಾಡಲಿರುವ ಕೆಲಸವಿದೆ. ಜಿಲ್ಲಾ ಕೇಂದ್ರದ ಕಾಲೇಜು, ಕನ್ನಡ ಮಾಧ್ಯಮ ಎಂದು ನೀನು ಕೊರತೆಯ ಪಟ್ಟಿಗೆ ಸೇರಿಸಿದ್ದೆಯಲ್ಲ, ಅವೇ ಇಲ್ಲಿ ನಿನ್ನ ಬಂಡವಾಳ. ಆ ರೈತನ ಮಾತು ನಿನಗೆ ಅರ್ಥವಾದಷ್ಟು ಬೇರೆಯವರಿಗೆ ಅರ್ಥವಾಗುವುದಿಲ್ಲ.

ಶಿಫಾರಸು ಪತ್ರವನ್ನು ದೊಡ್ಡ ಹುದ್ದೆಯವರಿಂದ ಬರೆಸುವ ಚಪಲ ಬೇಡ. ನಿನ್ನ ಕೆಲಸವನ್ನು ದಿನನಿತ್ಯ ಕಂಡವರು ಬರೆದ ಪತ್ರಕ್ಕೆ ತೂಕ ಹೆಚ್ಚು. ಅವರಿಗೆ ಕನಿಷ್ಠ ಒಂದು ತಿಂಗಳು ಕಾಲ ಕೊಡು. ನೀನು ಮಾಡಿದ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದು ಕೊಡು. ನಾಳೆ ಕೊನೆಯ ದಿನ ಎಂದು ಇವತ್ತು ಬಂದು ನಿಂತರೆ ಯಾರೇ ಆಗಲಿ ಒಳ್ಳೆಯ ಪತ್ರ ಬರೆಯಲಾರರು.

ಕಾಗದಪತ್ರಗಳನ್ನು ಈಗಲೇ ಸರಿಮಾಡಿಕೋ. ನಮ್ಮ ಕಡೆಯವರಿಗೆ ಇನಿಷಿಯಲ್ ಎಂಬುದೇ ದೊಡ್ಡ ತಲೆನೋವು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡಕ್ಷರ, ಪಾಸ್‌ಪೋರ್ಟ್‌ನಲ್ಲಿ ಅದರ ವಿಸ್ತಾರ, ಮದುವೆಯಾದ ಮೇಲೆ ಆಧಾರ್‌ನಲ್ಲಿ ಗಂಡನ ಹೆಸರು. ಮೂರೂ ಬೇರೆ ಬೇರೆಯಾದರೆ ವೀಸಾ ಕಚೇರಿಯಲ್ಲಿ ಒದ್ದಾಟ ತಪ್ಪದು. ಮದುವೆಯಾದವಳು ಹೆಸರು ಬದಲಿಸಲೇಬೇಕೆಂಬ ಕಾನೂನು ನಮ್ಮಲ್ಲಿಲ್ಲ. ಓದಿದ ಹೆಸರನ್ನೇ ಎಲ್ಲೆಡೆ ಉಳಿಸಿಕೊಂಡರೆ ಸುಲಭ. ವಿಟಿಯು ಟ್ರಾನ್ಸ್‌ಕ್ರಿಪ್ಟ್‌ಗೆ ಮುಂಚಿತವಾಗಿ ಅರ್ಜಿ ಕೊಡು. ಐಇಎಲ್‌ಟಿಎಸ್ ಅಂಕಗಳಿಗೆ ಎರಡು ವರ್ಷದ ಆಯಸ್ಸು, ಅದನ್ನು ನೋಡಿಕೊಂಡು ಪರೀಕ್ಷೆ ಬರೆ.

ಹಣದ ವಿಷಯದಲ್ಲಿ ಎಚ್ಚರವಿರಲಿ. ಫೆಲೋಶಿಪ್ ಕೊಡಿಸುವುದು ಗ್ಯಾರಂಟಿ ಎಂದು ದುಡ್ಡು ಕೇಳುವ ಏಜೆಂಟರ ಹತ್ತಿರ ಸುಳಿಯಬೇಡ. ಪರಿಶಿಷ್ಟ ಜಾತಿ, ಪಂಗಡದ ಹುಡುಗಿಯರಿಗೆ ಕರ್ನಾಟಕ ಸರ್ಕಾರದ ‘ಪ್ರಬುದ್ಧ’ ಯೋಜನೆಯಿದೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ಶೇ 30ರಷ್ಟು ಸ್ಥಾನ ಮಹಿಳೆಯರಿಗೆ ಮೀಸಲಿದೆ. ಗೊತ್ತಿರುವ ಹುಡುಗಿಯರ ಕಿವಿಗೆ ಈ ಮಾತು ಹಾಕು. ಷರತ್ತುಗಳನ್ನು ಸಹಿ ಹಾಕುವ ಮೊದಲೇ ಓದು. ಚೀವ್‌ನಿಂಗ್‌ನಲ್ಲಿ ಓದಿದವರು ತಾಯ್ನಾಡಿಗೆ ಮರಳಿ ಎರಡು ವರ್ಷ ಇರಬೇಕು, ಅಮೆರಿಕದ ಫುಲ್‌ಬ್ರೈಟ್ ಫೆಲೋಶಿಪ್‌ಗೂ ಅಂಥದೇ ಎರಡು ವರ್ಷದ ನಿಯಮವಿದೆ. ಅದನ್ನು ತೊಡಕೆಂದು ಕಾಣಬೇಡ. ಕಲಿತದ್ದು ಊರಿಗೆ ಬರಲಿ ಎಂಬುದೇ ಹಣ ಕೊಟ್ಟವರ ಆಶಯ. ನಿನ್ನ ಕಂಪನಿಯವರು ರಜೆ ಕೊಡುತ್ತೇವೆ ಎಂದರೆ ಅದನ್ನು ಬಾಯಿಮಾತಿಗೆ ಬಿಡದೆ ಬರಹದಲ್ಲಿ ಪಡೆದುಕೋ.

ಮನೆಯ ಮಾತು ಎಲ್ಲಕ್ಕಿಂತ ಕಷ್ಟದ್ದು, ಅದಕ್ಕೇ ಅದನ್ನು ಮೊದಲೇ ಆಡು. ಆಯ್ಕೆಯಾದ ಮೇಲೆ ಹೇಳೋಣ ಎಂದು ಮುಚ್ಚಿಟ್ಟರೆ ಸಂತೋಷದ ಸುದ್ದಿಯೇ ಜಗಳವಾಗುತ್ತದೆ. ಅರ್ಜಿ ತುಂಬುವ ದಿನವೇ ಗಂಡನನ್ನು, ಅತ್ತೆ ಮಾವನನ್ನು, ಅಪ್ಪ ಅಮ್ಮನನ್ನು ಕೂರಿಸಿಕೊಂಡು ಹೇಳು: ಎಷ್ಟು ತಿಂಗಳು, ಎಷ್ಟು ಹಣ, ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಅಥವಾ ಜೊತೆಗೆ ಕರೆದೊಯ್ಯುವುದು ಹೇಗೆ, ಬಂದ ಮೇಲೆ ಏನು. ಮಗ ಕೆಲಸದ ಮೇಲೆ ಒಂದು ವರ್ಷ ಅಮೆರಿಕಕ್ಕೆ ಹೋದರೆ ಮನೆಯವರು ಹೇಗೋ ಹೊಂದಿಸಿಕೊಳ್ಳುತ್ತಾರೆ. ಸೊಸೆ ಹೋದರೂ ಹೊಂದಿಸಿಕೊಳ್ಳಬಹುದು. ಅದನ್ನು ಕೇಳುವುದು ನಿನ್ನ ಹಕ್ಕು, ಬೇಡುವ ವಿಷಯವೇ ಅಲ್ಲ. ತಾಯಿ ಕಲಿತು ಬಂದರೆ ಮಗುವಿಗೆ ನಷ್ಟವಾಗುತ್ತದೆ ಎಂದು ಯಾರೇ ಹೇಳಿದರೂ ಒಪ್ಪಬೇಡ.

ಮೊದಲ ಸಲ ಸಿಗದಿರಬಹುದು. ಹಾಗಾದರೆ ಅದೇ ಅರ್ಜಿಯನ್ನು ತಿದ್ದಿ, ಆ ವರ್ಷದಲ್ಲಿ ಮಾಡಿದ ಹೊಸ ಕೆಲಸ ಸೇರಿಸಿ ಮತ್ತೆ ಹಾಕು. ಹೋದ ಮೇಲೆ ತರಗತಿಯಷ್ಟೇ ಮುಖ್ಯ ಅಲ್ಲಿಯ ಜನ. ಗೊತ್ತಿಲ್ಲದ್ದನ್ನು ನಾಚದೆ ಕೇಳು, ಸಭೆಗಳಲ್ಲಿ ಹಿಂದಿನ ಬೆಂಚಿಗೆ ಹೋಗಿ ಕೂರಬೇಡ, ಮಾರ್ಗದರ್ಶಕರಿಗೆ ಮರಳಿ ಬಂದ ಮೇಲೂ ನಿನ್ನ ಕೆಲಸದ ವರದಿ ಬರೆಯುತ್ತಿರು.

ಬಂದ ಮೇಲೆ ಒಂದು ಋಣ ತೀರಿಸುವುದಿರುತ್ತದೆ. ನಿನ್ನ ಹಳೆಯ ಕಾಲೇಜಿಗೆ ಹೋಗು. ಕೊನೆಯ ವರ್ಷದ ಹುಡುಗಿಯರ ಜೊತೆ ಕೂತು, ನಿನ್ನ ಅರ್ಜಿಯನ್ನೇ ತೋರಿಸಿ, ಅವರದನ್ನು ತಿದ್ದಿಕೊಡು. ನಿನಗೆ ಸಿಕ್ಕಿತೋ ಇಲ್ಲವೋ, ಒಬ್ಬಳಿಗಾದರೂ ಅರ್ಜಿ ತುಂಬಲು ಕಲಿಸು. ಅದಕ್ಕೂ ಮೊದಲು ನೀನು ಮಾಡಬೇಕಾದ್ದು ಒಂದಿದೆ: ಈ ವಾರವೇ ನಿನಗೆ ಒಪ್ಪುವ ಒಂದು ಫೆಲೋಶಿಪ್ ಆರಿಸಿಕೊಂಡು, ಅದರ ಕೊನೆಯ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಎಲ್ಲರಿಗೂ ಕಾಣುವಂತೆ ಗುರುತು ಮಾಡಿ, ಅರ್ಜಿ ಹಾಕು, ಮಗಳೇ.